ನಿಮಗಿದು ಗೊತ್ತೆ? ಜಲಪಾತದ ಬಂಡೆಗೆ ಪಕ್ಕದೂರಿನ ಹೆಸರು

ನಯಾಗರ ಜಲಪಾತವು 40 ಕೋಟಿ ವರ್ಷಗಳಿಗೂ ಹಿಂದಿನ ಯಾವ ಡಾಲೊಮೈಟ್ ಬಂಡೆಯ ಅಂಚಿನಿಂದ ಧುಮುಕುವುದೋ ಆ ಬಂಡೆಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಜಲಪಾತದ್ದಲ್ಲ. ಅದರ ಪೂರ್ವಕ್ಕೆ, ಈರೀ ಕಾಲುವೆಯ ದೋಣಿಗಳನ್ನು ಏರಿಸಿ ಇಳಿಸುವ ನೀರ್ಬಾಗಿಲುಗಳಿಂದಲೇ ನಾಮಧೇಯವನ್ನು ಪಡೆದ ಲಾಕ್‌ಪೋರ್ಟ್ ಪಟ್ಟಣದ್ದು. ಶಿಲಾಸ್ತರವು ಎಲ್ಲಿ ಸ್ಪಷ್ಟವಾಗಿ ತೆರೆದು ಕಾಣುವುದೋ ಆ ಸ್ಥಳದ ಹೆಸರನ್ನೇ ಅದಕ್ಕೆ ಕೊಡುವ ಪದ್ಧತಿಯಂತೆ ಭೂವಿಜ್ಞಾನಿ ಜೇಮ್ಸ್ ಹಾಲ್ 1839ರಲ್ಲಿ ಈ ನಾಮಕರಣವನ್ನು ಮಾಡಿದನು. ಮುಂದೆ ಈ ಸ್ತರವನ್ನೇ ಸೂಕ್ಷ್ಮವಾಗಿ ವಿಭಾಗಿಸಿದಾಗ ಒಂದು ಪದರಕ್ಕೆ ಜಲಪಾತದ ನಡುವಣ ಗೋಟ್ ಐಲೆಂಡಿನ, ಎಂದರೆ ಮೇಕೆಯ ದ್ವೀಪದ, ಹೆಸರು ಬಂದಿತು. ಶಾಸ್ತ್ರಜ್ಞರಿಗೂ ವಿನೋದಪ್ರಿಯತೆ ಇಲ್ಲದಿಲ್ಲವೆನ್ನೋಣ!

ಈ ಶಿಲೆಯ ಕಾಲಕ್ಕೆ ‘ಸಿಲೂರಿಯನ್’ ಎಂಬ ಹೆಸರನ್ನು ಭೂವಿಜ್ಞಾನಿ ಮರ್ಚಿಸನ್ 1835ರಲ್ಲಿ ವೇಲ್ಸ್ ಸೀಮೆಯ ಪ್ರಾಚೀನ ಸಿಲೂರರೆಂಬ ಜನಾಂಗದಿಂದ ಎತ್ತಿಕೊಂಡನು. ‘ಡಾಲೊಮೈಟ್’ ಎಂಬುದಾದರೋ ಫ್ರಾನ್ಸಿನ ಶಿಲಾಶಾಸ್ತ್ರಜ್ಞ ದೊಲೊಮ್ಯೂವಿನ ಸ್ಮರಣೆ. ನೋಟಕ್ಕೆ ಸುಣ್ಣಕಲ್ಲಿನ ಒಡಹುಟ್ಟಿನಂತಿರುವ ಇದನ್ನು ಗುರುತಿಸುವ ಉಪಾಯವು ಸರಳವಾದುದು: ತೆಳುವಾಗಿಸಿದ ತಣ್ಣನೆಯ ಹೈಡ್ರೊಕ್ಲೋರಿಕ್ ಆಮ್ಲದ ಹನಿ ಬಿದ್ದೊಡನೆ ಸುಣ್ಣಕಲ್ಲು ಬುಸುಗುಟ್ಟುತ್ತ ನೊರೆಯುಕ್ಕಿಸುವುದು, ಡಾಲೊಮೈಟು, ಚಾಕುವಿನಿಂದ ಕೆರೆದು ಪುಡಿ ಮಾಡಿದಲ್ಲದೆ, ಹೆಚ್ಚೇನೂ ಮಿಸುಕದು.