ಹಿತ್ತಲಿನ ತೊಟ್ಟಿಯಲ್ಲಿ ಬಣ್ಣದ ಮೀನು



ಅಡಿಕೆ ತೋಟವಿರುವ ಮನೆಯಲ್ಲಿ ಬಣ್ಣದ ಮೀನು ಸಾಕಲು ಬೇಕಾದ ಅರ್ಧ ಸಾಮಗ್ರಿ ಮೊದಲೇ ಇರುತ್ತದೆ. ಬಾವಿಯ ನೀರು, ಮರದ ನೆರಳು, ತೆಂಗಿನ ನಾರು, ಬಾಳೆ ಎಲೆ, ಕೊಟ್ಟಿಗೆಯ ಸಗಣಿ ಇವಾವುದಕ್ಕೂ ನಾವು ಹಣ ಕೊಡಬೇಕಾಗಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಹೆಚ್ಚಿನವರದು ಸಣ್ಣ ಹಿಡುವಳಿ. ಕೊಳೆ ಬಂದ ವರ್ಷ ಅಡಿಕೆಯೊಂದನ್ನೇ ನಂಬಿದ ಮನೆಗೆ ಕೈಖರ್ಚಿಗೂ ತತ್ವಾರ. ಅಂಥ ಮನೆಗೆ ಇದೊಂದು ಉಪಕಸುಬಾಗಬಲ್ಲದು. ಆದರೆ ನಮ್ಮ ಭಾಗದಲ್ಲಿ ಇದಕ್ಕೆ ಎರಡು ಎಚ್ಚರಿಕೆಗಳು ಅಗತ್ಯ. ಅವನ್ನು ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ.

ಮೊದಲು ನೀರಿನ ಗುಣ ತಿಳಿಯಬೇಕು. ಚಿರೆಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ. ತತ್ತಿಯಿಡುವ ಫೈಟರ್, ಏಂಜೆಲ್, ಬಾರ್ಬ್ ಜಾತಿಗಳಿಗೆ ಇದು ಒಗ್ಗುತ್ತದೆ. ಮರಿ ಹಾಕುವ ಗಪ್ಪಿ, ಮೊಲ್ಲಿಗಳಿಗೆ ಸ್ವಲ್ಪ ಗಡಸು ನೀರು ಮೇಲು. ಅಘನಾಶಿನಿಯ ಬಳಚಿನ ಚಿಪ್ಪನ್ನು ಚೆನ್ನಾಗಿ ತೊಳೆದು ಒಂದು ಹಿಡಿ ತೊಟ್ಟಿಯ ತಳಕ್ಕೆ ಹಾಕಿದರೆ ನೀರು ನಿಧಾನವಾಗಿ ಗಡಸಾಗುತ್ತದೆ. ಸುಟ್ಟ ಸುಣ್ಣವನ್ನು ಮಾತ್ರ ಹಾಕಬಾರದು. ನೀರಿನ ಗುಣ ಒಮ್ಮೆಲೇ ಬದಲಾಗಿ ಮೀನು ಸಾಯುತ್ತವೆ.

ಹೊಸಬರು ಗಪ್ಪಿಯಿಂದ ಆರಂಭಿಸುವುದು ಒಳ್ಳೆಯದು. ಸುಮಾರು 4 ವಾರಕ್ಕೊಮ್ಮೆ ಹೆಣ್ಣು 20ರಿಂದ 50 ಮರಿ ಹಾಕುತ್ತದೆ. ತಾಯಿಯೇ ಮರಿಗಳನ್ನು ತಿನ್ನುವುದುಂಟು. ಆದ್ದರಿಂದ ಅವು ಅಡಗಲು ನೀರುಗಿಡವನ್ನೋ ತೆಂಗಿನ ನಾರಿನ ಕಟ್ಟನ್ನೋ ಇಡಬೇಕು. ಗಂಡು ಹೆಣ್ಣು ಗುರುತು ಸಿಕ್ಕ ಕೂಡಲೇ ಬೇರೆ ಮಾಡಬೇಕು. ಒಮ್ಮೆ ಕೂಡಿದ ಹೆಣ್ಣು ಆ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಂಡು ಮರಿ ಹಾಕುತ್ತಿರುತ್ತದೆ. ಕಳಪೆ ಗಂಡು ಸೇರಿದರೆ ತಳಿ ಕೆಟ್ಟಿತೆಂದೇ ಲೆಕ್ಕ. ಬೀಜದಡಿಕೆಗೆ ತಾಯಿಮರ ಆರಿಸುವಷ್ಟೇ ಜಾಗ್ರತೆ ಇಲ್ಲಿಯೂ ಬೇಕು.

ಫೈಟರ್‌ನಲ್ಲಿ ಗಂಡೇ ನೊರೆಯ ಗೂಡು ಕಟ್ಟಿ ತತ್ತಿ ಕಾಯುತ್ತದೆ. ತತ್ತಿಯಿಟ್ಟ ಹೆಣ್ಣನ್ನು ಕೂಡಲೇ ತೆಗೆಯಬೇಕು. ಒಂದೆರಡು ದಿನದಲ್ಲಿ ತತ್ತಿ ಒಡೆಯುತ್ತದೆ. ಮರಿಗಳು ಅಡ್ಡವಾಗಿ ಈಜತೊಡಗಿದಾಗ ಗಂಡನ್ನೂ ತೆಗೆಯಬೇಕು. ಒಣ ಬಾಳೆ ಎಲೆ ನೆನೆಸಿದ ನೀರಿನಲ್ಲಿ ಕೆಲವು ದಿನಗಳಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳೇ ಮರಿಗಳ ಮೊದಲ ಆಹಾರ. ಆಮೇಲೆ ಸಗಣಿ ಬೆರೆಸಿದ ತೊಟ್ಟಿಯಲ್ಲಿ ಬೆಳೆಸಿದ ಡ್ಯಾಫ್ನಿಯಾ ಹುಳುವನ್ನು ಸೋಸಿ, ತೊಳೆದು ಕೊಡಬಹುದು. ಬೆಳೆದ ಗಂಡುಗಳು ಕಾದಾಡುವುದರಿಂದ ಒಂದೊಂದನ್ನೂ ಬೇರೆ ಬಾಟಲಿಯಲ್ಲಿಡಬೇಕು.

ಇನ್ನು ಮೊದಲನೆಯ ಎಚ್ಚರಿಕೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ನಮ್ಮ ಕೊನೆಗಳನ್ನು ಕಾಯುತ್ತದೆ; ಅದರಲ್ಲಿರುವ ತಾಮ್ರ ಮೀನಿಗೆ ವಿಷ. ನಮ್ಮಂಥ ಮೆದು ನೀರಿನಲ್ಲಿ ಆ ವಿಷ ಇನ್ನೂ ತೀವ್ರ. ಆದ್ದರಿಂದ ತೊಟ್ಟಿಯನ್ನು ಅಡಿಕೆ ಮರದ ಕೆಳಗೆ ಕಟ್ಟಲೇಬಾರದು. ಮೇಲೆ ಸೋಗೆಯೊಂದೇ ಸಾಲದು, ನೀರು ಸೋರದ ಹೊದಿಕೆ ಬೇಕು. ಔಷಧಿ ಕಲಸಿದ ಡ್ರಮ್ಮು, ಬಕೆಟ್ಟು ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ಬೇಡ. ಕೊನೆಗೌಡ ಮರ ಹತ್ತುವ ಮುನ್ನವೇ ಬೇಕಾದಷ್ಟು ನೀರು ತುಂಬಿ ಮುಚ್ಚಿಟ್ಟುಕೊಳ್ಳಿ. ಔಷಧಿ ಹೊಡೆದ ಮೇಲೆ ಸುರಿದ ಮೊದಲ ಮಳೆಗಳ ನೀರು ಇಳಿದ ತೋಟದ ಬಾವಿಯನ್ನು ನೆಚ್ಚಬೇಡಿ.

ಎರಡನೆಯದು ಹಳ್ಳದ ವಿಚಾರ. ತೊಟ್ಟಿ ಉಕ್ಕಿ ಮೀನು ಹಳ್ಳ ಸೇರಿದರೆ ಅದನ್ನು ಹಿಂದಕ್ಕೆ ಕರೆಯುವಂತಿಲ್ಲ. ಸೊಳ್ಳೆ ನಿವಾರಣೆಗೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಮೀನು ಇಂದು ದೇಶದ ಅನೇಕ ಕಡೆ ನೆಲೆಯೂರಿದೆ. ಗಾಜಿನ ತೊಟ್ಟಿಯ ಶೋಭೆಗೆ ತಂದ ಸಕ್ಕರ್ ಮೀನು ಕೇರಳವೂ ಸೇರಿ ಹಲವೆಡೆಯ ಕೆರೆ ಹೊಳೆಗಳನ್ನು ಹೊಕ್ಕಿದೆ. ನಮ್ಮ ಹೊಳೆಗಳಲ್ಲಿರುವುದು ಸಾಮಾನ್ಯ ಸಂಪತ್ತಲ್ಲ. ಬಟಾಸಿಯೊ ಶರಾವತಿಯೆನ್ಸಿಸ್ ಎಂದು ಶರಾವತಿಯದೇ ಹೆಸರು ಹೊತ್ತ ಪುಟ್ಟ ಮೀನನ್ನು ವಿಜ್ಞಾನಿಗಳು ಹೊಸ ಜಾತಿಯೆಂದು ಗುರುತಿಸಿದ್ದು 2004ರಲ್ಲಿ. ಹೆಚ್ಚಾದ ನೀರನ್ನು ಸಣ್ಣ ಬಲೆಯಲ್ಲಿ ಸೋಸಿ ತೆಂಗಿನ ಬುಡಕ್ಕೆ ಬಿಡಿ, ತೋಡಿಗೆ ಬೇಡ. ಹಾಗೆಯೇ ಹಳ್ಳದ ಚೆಂದದ ಮೀನುಗಳನ್ನು ಗೋರಿ ಮಾರುವ ಆಸೆಯೂ ಸಲ್ಲದು. ಕೇರಳದಲ್ಲಿ ‘ಮಿಸ್ ಕೇರಳ’ ಎಂಬ ಮೀನನ್ನು ಮಿತಿಮೀರಿ ಹಿಡಿದ ಕಾರಣ 2008ರಲ್ಲಿ ಸರ್ಕಾರ ನಿರ್ಬಂಧ ಹೇರಬೇಕಾಯಿತು.

ಕೊನೆಗೆ ಹಣದ ಮಾತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡಾ 60 ಸಹಾಯಧನ ಇಡಲಾಗಿತ್ತು. ಈಗ ಏನು ಲಭ್ಯವೆಂಬುದನ್ನು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಿ. ಆದರೆ ಸಹಾಯಧನ ನೋಡಿ ಹತ್ತು ತೊಟ್ಟಿ ಕಟ್ಟುವವರಿಗೆ ನಾವು ಬೇಡವೆನ್ನುತ್ತೇವೆ. ಹುಬ್ಬಳ್ಳಿ, ಮಂಗಳೂರಿನ ಅಂಗಡಿಯವರು ಯಾವ ಮೀನು, ಯಾವ ಅಳತೆ, ಎಷ್ಟು ಕೊಳ್ಳುತ್ತಾರೆಂದು ಮೊದಲು ಕೇಳಿ ಬನ್ನಿ. ಎರಡೇ ತೊಟ್ಟಿಯಲ್ಲಿ ಒಂದು ಮಳೆಗಾಲ ಮೀನು ಉಳಿಸಿಕೊಂಡವರು ಮೂರನೆಯದನ್ನು ಕಟ್ಟಲಿ.