ಗೇಮಿಂಗ್ ಕಂಪ್ಯೂಟರಿಗೆ ಎಷ್ಟು ವಾಟ್ ಸಾಕು?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡು ಮೊದಲು, ಪ್ರೊಸೆಸರ್ ಆಮೇಲೆ. ಎಸ್‌ಎಂಪಿಎಸ್ ಸರದಿ ಬರುವ ಹೊತ್ತಿಗೆ ದುಡ್ಡು ಮುಗಿಯುತ್ತಾ ಬಂದಿರುತ್ತದೆ. ‘ಯಾವುದೋ ಒಂದು ಹಾಕಿಕೊಡಿ’ ಎಂಬ ಮಾತು ಹುಟ್ಟುವುದು ಅಲ್ಲೇ. ದುಬಾರಿ ಎಸ್‌ಎಂಪಿಎಸ್ ಹಾಕಿದರೆ ಆಟದ ವೇಗವೇನೂ ಹೆಚ್ಚುವುದಿಲ್ಲ, ನಿಜ. ಆದರೆ ಕ್ಯಾಬಿನೆಟ್ಟಿನೊಳಗಿನ ಪ್ರತಿ ಭಾಗಕ್ಕೂ ವಿದ್ಯುತ್ ಹೋಗುವುದು ಇದೊಂದರಿಂದಲೇ. ರಕ್ಷಣಾ ವ್ಯವಸ್ಥೆ ಸರಿಯಿಲ್ಲದ ಎಸ್‌ಎಂಪಿಎಸ್ ಸುಟ್ಟರೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೇ ಸುಡಬಲ್ಲದು.

ಗೋಡೆಯ ಸಾಕೆಟ್ಟಿನಲ್ಲಿ ಸಿಗುವುದು 230 ವೋಲ್ಟಿನ ಎಸಿ; ಕಂಪ್ಯೂಟರಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಡಿಸಿ. ಒಳ್ಳೆಯ ಎಸ್‌ಎಂಪಿಎಸ್ ಮೊದಲು ಎಸಿಯನ್ನು ಡಿಸಿಗೆ ತಿರುಗಿಸಿ, 400 ವೋಲ್ಟಿನ ಆಸುಪಾಸಿಗೆ ಏರಿಸಿ, ಹೆಬ್ಬೆರಳಿಗಿಂತ ದಪ್ಪನೆಯ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತಾ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತವೆ. ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೂ ಸಾಕು. ನೂರಾರು ವಾಟ್ ಕೊಡುವ ಯಂತ್ರ ಅಷ್ಟು ಸಣ್ಣ ಡಬ್ಬಿಯಲ್ಲಿ ಹಿಡಿಯುವುದು ಹೀಗೆ.

ಪ್ರೊಸೆಸರ್ ನಡೆಯುವುದು ಸುಮಾರು ಒಂದು ವೋಲ್ಟಿನಲ್ಲಿ. ಗ್ರಾಫಿಕ್ಸ್ ಚಿಪ್ಪೂ ಹಾಗೆಯೇ. ಎರಡಕ್ಕೂ ಆ ವಿದ್ಯುತ್ತನ್ನು 12 ವೋಲ್ಟಿನ ಸಾಲಿನಿಂದಲೇ ಇಳಿಸಿ ಕೊಡಲಾಗುತ್ತದೆ. ಹಾಗಾಗಿ ನೋಡಬೇಕಾದದ್ದು ಬಾಕ್ಸಿನ ಮೇಲಿನ ದೊಡ್ಡ ಅಂಕಿಯನ್ನಲ್ಲ, ಎಸ್‌ಎಂಪಿಎಸ್ ಮೈಮೇಲೆ ಅಂಟಿಸಿದ ಲೇಬಲ್ಲಿನಲ್ಲಿ 12 ವೋಲ್ಟಿನ ಕೆಳಗೆ ಬರೆದ ಆಂಪಿಯರನ್ನು. ಬಾಕ್ಸಿನ ಮೇಲೆ 450 ವಾಟ್ ಎಂದಿದ್ದು ಲೇಬಲ್ಲಿನಲ್ಲಿ 16 ಆಂಪಿಯರ್ ಎಂದಿದ್ದರೆ, ಆ ಸಾಲಿನಲ್ಲಿ ಸಿಗುವುದು 12ರಿಂದ ಗುಣಿಸಿದ 192 ವಾಟ್ ಮಾತ್ರ. 650 ವಾಟಿನ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಅದೇ ಜಾಗದಲ್ಲಿ 54 ಆಂಪಿಯರ್ ಇರುತ್ತದೆ. ಅಂದರೆ 648 ವಾಟ್.

ಇನ್ನು ಲೆಕ್ಕ. ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರಿನ ಗರಿಷ್ಠ ಮಿತಿ 162 ವಾಟ್. ಆಟದ ಹೊತ್ತಿನಲ್ಲಿ ಅದು ಎಳೆಯುವುದು ಇನ್ನೂ ಎಷ್ಟೋ ಕಡಿಮೆ. ಆರ್‌ಟಿಎಕ್ಸ್ 4070 ಸೂಪರ್ ಕಾರ್ಡಿಗೆ 220 ವಾಟ್. ಮದರ್‌ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆಲ್ಲ ಸೇರಿ 60-70 ವಾಟ್ ಹಿಡಿದರೂ ಒಟ್ಟು ಸುಮಾರು 450 ಆಗುತ್ತದೆ. ಇದಕ್ಕೆ 650 ವಾಟ್ ಧಾರಾಳವಾಗಿ ಸಾಕು.

450ಕ್ಕೆ 450 ಏಕೆ ಸಾಲದು? ಪಂಪ್‌ಸೆಟ್ ಚಾಲೂ ಆದ ಕ್ಷಣ ಮನೆಯ ದೀಪ ಮಂಕಾಗುವುದನ್ನು ಕಂಡವರಿಗೆ ಉತ್ತರ ಗೊತ್ತು. ಗ್ರಾಫಿಕ್ಸ್ ಕಾರ್ಡೂ ಕ್ಷಣಮಾತ್ರಕ್ಕೆ ತನ್ನ ಸರಾಸರಿಗಿಂತ ಎಷ್ಟೋ ಹೆಚ್ಚು ವಿದ್ಯುತ್ ಎಳೆಯುತ್ತದೆ. 2020ರಲ್ಲಿ ಆರ್‌ಟಿಎಕ್ಸ್ 3080, 3090 ಬಂದಾಗ, ಲೆಕ್ಕದ ಪ್ರಕಾರ ಸಾಕಾಗಬೇಕಿದ್ದ ಕೆಲವು ಎಸ್‌ಎಂಪಿಎಸ್‌ಗಳೂ ಆಟದ ನಡುವೆ ಧುತ್ತನೆ ಆಫ್ ಆಗುತ್ತಿದ್ದವು. 2022ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ 3.0 ಮಾನದಂಡ ಇದಕ್ಕೆ ಮದ್ದು ಹುಡುಕಿತು: ದೊಡ್ಡ ಕಾರ್ಡುಗಳ ಹೊಸ ಕನೆಕ್ಟರ್ ಇರುವ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡರಷ್ಟು ಹೊರೆಯನ್ನು 100 ಮೈಕ್ರೊಸೆಕೆಂಡ್ ತಾಳಿಕೊಳ್ಳಬೇಕು. ಹೊಸದಾಗಿ ಕೊಳ್ಳುವವರು ಎಟಿಎಕ್ಸ್ 3.0 ಅಥವಾ 3.1 ಎಂದು ಕೇಳಿಯೇ ಕೊಳ್ಳಬೇಕು.

ಹಾಗೆಂದು 1000 ವಾಟಿಗೆ ಹಾರಬೇಕಿಲ್ಲ. ಅದರಿಂದ ಕರೆಂಟ್ ಬಿಲ್ ಏರುತ್ತದೆಂಬ ಭಯ ಸುಳ್ಳು. ಕಂಪ್ಯೂಟರ್ ಕೇಳಿದಷ್ಟನ್ನೇ ಎಸ್‌ಎಂಪಿಎಸ್ ಕೊಡುತ್ತದೆ. ಬಳಸದ ವಾಟಿಗೆ ಸುಮ್ಮನೆ ಹಣ ಹೋಗುತ್ತದೆ, ಅಷ್ಟೆ. ಬಿಲ್ಲಿಗೆ ಸಂಬಂಧಪಟ್ಟದ್ದು ದಕ್ಷತೆ. 80 ಪ್ಲಸ್ ಮುದ್ರೆಯ 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ ಎಂದರೆ ಶೇ 85, ಗೋಲ್ಡ್ ಎಂದರೆ ಶೇ 90. ಉಳಿದದ್ದು ಶಾಖವಾಗಿ ಹೋಗುತ್ತದೆ. ಆದರೆ ಈ ಮುದ್ರೆ ಅಳೆಯುವುದು ದಕ್ಷತೆಯನ್ನೇ ಹೊರತು ಸುರಕ್ಷತೆಯನ್ನಲ್ಲ. ಶಾರ್ಟ್ ಆದಾಗ, ವೋಲ್ಟೇಜ್ ಅಥವಾ ಬಿಸಿ ಏರಿದಾಗ ತಾನೇ ಆಫ್ ಆಗುವ ವ್ಯವಸ್ಥೆ ಇದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ನಮ್ಮಲ್ಲಿ ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೋಡೆಯಲ್ಲಿ ವಿದ್ಯುತ್ ನಿಂತ ಮೇಲೂ ಆ ದಪ್ಪ ಕೆಪಾಸಿಟರ್ ಕಂಪ್ಯೂಟರನ್ನು ಕೆಲವು ಮಿಲಿಸೆಕೆಂಡ್ ಹಿಡಿದಿಡುತ್ತದೆ, ಎಟಿಎಕ್ಸ್ 3.0 ಕೇಳುವುದು ಶೇ 80ರ ಹೊರೆಯಲ್ಲಿ 17 ಮಿಲಿಸೆಕೆಂಡ್. ಯುಪಿಎಸ್ ಬ್ಯಾಟರಿಗೆ ಬದಲಾಗುವುದು ಅಷ್ಟರೊಳಗೇ. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಸಣ್ಣ ಕೆಪಾಸಿಟರ್ ಹಾಕಿದ್ದರೆ ಯುಪಿಎಸ್ ಇದ್ದೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್‌ನ ಶಕ್ತಿಯನ್ನೂ ನೋಡಿ: ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್, ಮೇಲಿನ ಕಂಪ್ಯೂಟರಿಗೆ ಅದು ಸಾಲದು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಮೊದಲು ಅರ್ಥಿಂಗ್ ಪರೀಕ್ಷಿಸಿ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಅಲ್ಪ ವಿದ್ಯುತ್ ಭೂಮಿಗೆ ಇಳಿಯಬೇಕಾದದ್ದು ಅರ್ಥಿಂಗ್ ತಂತಿಯಿಂದಲೇ.

ಕೊನೆಯ ಎಚ್ಚರಿಕೆ ಕೇಬಲ್ಲಿನದು. ಬಿಚ್ಚಿ ತೆಗೆಯಬಹುದಾದ ಕೇಬಲ್ಲುಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊಂದುವುದಿಲ್ಲ. ಪ್ಲಗ್ ಸರಿಯಾಗಿ ಕೂತರೂ ಒಳಗಿನ ಪಿನ್ನುಗಳ ಕ್ರಮ ಬೇರೆಯಿರಬಹುದು; 5 ವೋಲ್ಟ್ ಬೇಕಾದಲ್ಲಿ 12 ಹರಿದು ಡಿಸ್ಕ್ ಸುಟ್ಟೀತು. ಹಳೆಯ ಎಸ್‌ಎಂಪಿಎಸ್ ತೆಗೆದಾಗ ಅದರ ಕೇಬಲ್ಲನ್ನೂ ತೆಗೆಯಿರಿ. ಏಳೋ ಹತ್ತೋ ವರ್ಷದ ವಾರಂಟಿ ಇರುವ ಎಸ್‌ಎಂಪಿಎಸ್ ಎರಡು ಗ್ರಾಫಿಕ್ಸ್ ಕಾರ್ಡುಗಳ ಕಾಲಕ್ಕೂ ಸೇವೆ ಸಲ್ಲಿಸುತ್ತದೆ. ಆದ್ದರಿಂದ ಕಾರ್ಡು ನಿರ್ಧಾರವಾದ ಕೂಡಲೇ ಲೆಕ್ಕ ಹಾಕಿ, ಎಸ್‌ಎಂಪಿಎಸ್‌ನ ದುಡ್ಡನ್ನು ಮೊದಲೇ ತೆಗೆದಿಡಿ. ಅದಕ್ಕಾಗಿ ಕ್ಯಾಬಿನೆಟ್ಟಿನ ಬಣ್ಣದ ದೀಪಗಳನ್ನು ಕೈಬಿಡಬೇಕಾದರೂ ಚಿಂತೆಯಿಲ್ಲ.