ಹೆಡ್ ಬೋಲ್ಟು ಹಳೇದಾ, ಹೊಸದಾ?

ರಾಯದುರ್ಗ, ಮಡಕಶಿರಾ ಕಡೆ ಬೇಸಿಗೆ ಬಂತೆಂದರೆ ಗ್ಯಾರೇಜುಗಳಿಗೆ ಸುಗ್ಗಿ. ಮಳೆ ಕಂಡರೆ ಹಬ್ಬ ಎನ್ನುವ ಸೀಮೆ. ಬಿಸಿಲು 40 ಡಿಗ್ರಿ ಮುಟ್ಟಿದಾಗ ರೇಡಿಯೇಟರಿನಲ್ಲಿ ನೀರು ಕಮ್ಮಿಯಾದ ಎಂಜಿನ್ ಕಾಯ್ದು ನಿಲ್ಲುತ್ತದೆ. ಆಯಿಲ್ ಬೆಳ್ಳಗೆ ನೊರೆಗಟ್ಟಿ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಮೇಸ್ತ್ರಿ ಬಾನೆಟ್ ಎತ್ತುವ ಮೊದಲೇ ಹೇಳುತ್ತಾನೆ: "ಹೆಡ್ ಗ್ಯಾಸ್ಕೆಟ್ ಹೋಗೈತಣ್ಣಾ." 2022ರಲ್ಲಿ ಅನಂತಪುರ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಮೇಸ್ತ್ರಿಯ ಮಾತು ಮಾತ್ರ ಎರಡೂ ಕಡೆ ಅರ್ಧ ಕನ್ನಡ, ಅರ್ಧ ತೆಲುಗು.

ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್ಟಿನ ಹೆಸರು ಎಲ್ಲರಿಗೂ ಗೊತ್ತು. ಅದರ ಮೇಲೆ ಹೆಡ್ಡನ್ನು ಒತ್ತಿ ಹಿಡಿದ ಬೋಲ್ಟುಗಳನ್ನು ಕೇಳುವವರಿಲ್ಲ. ಬಿಗಿದಾಗ ಬೋಲ್ಟು ಒಂಚೂರು ಹಿಗ್ಗುತ್ತದೆ. ಮೊದಲಿನ ಉದ್ದಕ್ಕೆ ಮರಳಲು ಅದು ಎಳೆಯುವ ಎಳೆತವೇ ಹೆಡ್ಡನ್ನು ಬ್ಲಾಕಿಗೆ ಅಂಟಿಸಿಡುವುದು. ಹಳೆಯ ಎಂಜಿನ್‌ಗಳ ದಪ್ಪ ಬೋಲ್ಟು, ಸ್ಟಡ್ಡುಗಳನ್ನು ಉದ್ದ ಅಳೆದು, ತ್ರೆಡ್ ನೋಡಿ ಮತ್ತೆ ಹಾಕುವುದುಂಟು. ಈಗಿನ ಎಷ್ಟೋ ಕಾರುಗಳದು ಬೇರೆ ಜಾತಿ. ಕಂಪನಿ ಹೇಳಿದಷ್ಟು ಟಾರ್ಕ್ ಕೊಟ್ಟು, ಆಮೇಲೆ 90 ಡಿಗ್ರಿ, ಕೆಲವಕ್ಕೆ ಮತ್ತೊಂದು 90 ಡಿಗ್ರಿ ತಿರುಗಿಸಬೇಕು. ಅಷ್ಟು ಹಿಗ್ಗಿದ ಬೋಲ್ಟು ಹಳೇ ಚಡ್ಡಿಯ ಎಲಾಸ್ಟಿಕ್ಕಿದ್ದಂತೆ, ಪೂರ್ತಿ ಹಿಂದಕ್ಕೆ ಬಾರದು. ಬಿಚ್ಚಿದ ಮೇಲೆ ಗುಜರಿಗೇ. ತಲೆಯ ಮೇಲೆ 10.9 ಎಂದಿದ್ದ ಬೋಲ್ಟಿನ ಜಾಗಕ್ಕೆ, ಅಳತೆ ಸರಿಹೋಯಿತೆಂದು ಹಾರ್ಡ್‌ವೇರ್ ಅಂಗಡಿಯ 8.8 ತುರುಕುವುದೂ ತಪ್ಪು. ಅದರ ಉಕ್ಕೇ ಮೆದು.

ನಿಜವಾದ ಕಸುಬು ಇರುವುದು ಬಿಗಿಯುವುದರಲ್ಲಿ. ಬಿಚ್ಚುವಾಗ ಅಂಚಿನಿಂದ ನಡುವಿಗೆ, ಬಿಗಿಯುವಾಗ ನಡುವಿನಿಂದ ಅಂಚಿಗೆ, ಅದೂ ಎರಡು ಮೂರು ಸುತ್ತಿನಲ್ಲಿ. ಒಂದೇ ಕಡೆಯಿಂದ ಬಿಗಿಯುತ್ತ ಹೋದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ತಳ ಮುಚ್ಚಿದ ತೂತಿನಲ್ಲಿ ಆಯಿಲೋ ನೀರೋ ನಿಂತಿದ್ದರೆ ಬೋಲ್ಟು ಇಳಿದಂತೆ ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಬಿರುಕು ಬಿಡಬಹುದು. ಗಾಳಿ ಹೊಡೆದು ಒಣಗಿಸಲೇಬೇಕು. ರೆಂಚಿಗೆ ಹಾಕಿದ ಬಲದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ತ್ರೆಡ್ಡಿನಲ್ಲಿ ತುಕ್ಕಿದ್ದರೆ ಟಾರ್ಕ್ ರೆಂಚ್ ತೋರಿಸುವ ಅಂಕಿಯೂ ಸುಳ್ಳು. ಹೀಗಿರುವಾಗ ಬರೀ ಕೈಯಂದಾಜಿನಲ್ಲಿ ಬಿಗಿಯುವ ಹಿರಿಯ ಮೇಸ್ತ್ರಿಗಳ ಅನುಭವಕ್ಕೆ ಕೈಮುಗಿದರೂ, ನನ್ನ ಗಾಡಿಯ ಹೆಡ್ಡನ್ನು ಆ ಅಂದಾಜಿಗೆ ಒಪ್ಪಿಸಲಾರೆ.

ಕೆಲವು ನೂರು ರೂಪಾಯಿ ಉಳಿಸಲು ಹಳೇ ಬೋಲ್ಟು ಹಾಕಿಸಿ, ಮತ್ತೆ ಗ್ಯಾಸ್ಕೆಟ್ ಹೋಗಿ, ಎರಡನೇ ಸಲ ಹೆಡ್ ಇಳಿಸುವ ಕೂಲಿ ತೆರುವುದು ಜಾಣತನವಲ್ಲ. ಹೆಡ್ ಕೆಲಸವಾದ ಗಾಡಿ ತರುವಾಗ ಬಿಲ್ಲಿನಲ್ಲಿ ಬೋಲ್ಟಿನ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಹಳೆಯವನ್ನು ಅಳೆದು ಹಾಕಿದರೇ ಎಂದು ಬಾಯಿಬಿಟ್ಟು ಕೇಳಿ.